ಮುಟ್ಟದ ವೈದ್ಯರು ನೋಡಿದ ಕಾಲು

ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಇತ್ತೋ ಇಲ್ಲವೋ ತಿಳಿಯದು. ಈ ಸೀಮೆಯ ಯಾವುದನ್ನು ನೆನೆದರೂ ಬಿಸಿಲು ತಾನಾಗಿ ಬಂದು ಸೇರಿಕೊಳ್ಳುತ್ತದೆ. ವಾಸನೆ ಇತ್ತು, ಅದು ಖಂಡಿತ. ಸಿರುಗುಪ್ಪದಿಂದ ಹೊರಟ ಗಾಡಿಯಲ್ಲಿ ನನ್ನ ಗಂಡನ ಎಡಗಾಲು ನನ್ನ ತೊಡೆಯ ಮೇಲಿತ್ತು. ಬಟ್ಟೆ ಸುತ್ತಿದ್ದರೂ ವಾಸನೆ ಬರುತ್ತಿತ್ತು.

ಅವರು ಪಲ್ಟನ್ನಿನ ಸಿಪಾಯಿಯಾಗಿದ್ದವರು. ಬರ್ಮಾದ ಕಾಡುದಾರಿಯಲ್ಲಿ ನೆಟ್ಟಿದ್ದ ಚೂಪು ಬಿದಿರು ಕಾಲನ್ನು ಸೀಳಿತ್ತು. ಅಲ್ಲಿಯ ಡೇರೆ ಆಸ್ಪತ್ರೆಯಲ್ಲಿ ದೊರೆ ಡಾಕ್ಟರು ಒಬ್ಬೊಬ್ಬರ ಗಾಯ ಒತ್ತಿ, ನೋವಿದೆಯೇ ಎಂದು ಕೇಳುತ್ತ ಬಂದರಂತೆ. ಪಕ್ಕದ ಮಂಚದವನು ಇದೆ ಎಂದ. ಅವನನ್ನು ಪರದೆಯ ಹಿಂದೆ ಒಯ್ದರು. ತಿರುಗಿ ತಂದಾಗ ಕಾಲು ಮೊಣಕಾಲಿಗೇ ಮುಗಿದಿತ್ತು. ಇವರು ಇಲ್ಲ ಎಂದರು, ಇವರ ಕಾಲು ಉಳಿಯಿತು. ಅಂದಿನಿಂದ ಆ ಪ್ರಶ್ನೆಗೆ ಅವರ ಬಾಯಲ್ಲಿ ಒಂದೇ ಉತ್ತರ.

ಪಿಂಚಣಿಯಾಗಿ ಊರಿಗೆ ಬಂದು ಗದ್ದೆಯ ನೀರಿನಲ್ಲಿ ನಿಂತು ನಿಂತು ಹಳೆಯ ಗಾಯ ಮತ್ತೆ ಬಾಯಿ ಬಿಟ್ಟಿತು. ಹಿಮ್ಮಡದ ಸುತ್ತ ಕಪ್ಪಾಯಿತು. ಬಳ್ಳಾರಿ ದಂಡಿನ ಆಸ್ಪತ್ರೆಯ ಬಾಗಿಲು ನಮಗೆ ಮುಚ್ಚಿರಲಿಲ್ಲ. ಅಲ್ಲಿ ಕೇರಿ ಯಾವುದೆಂದು ಕೇಳದೆ ಮುಟ್ಟುತ್ತಿದ್ದರು. ಮುಟ್ಟಿದ ಕೈಯೇ ಗರಗಸ ಹಿಡಿಯುತ್ತದೆ ಎಂಬುದು ಇವರ ಹೆದರಿಕೆ. ಕುರುಗೋಡಿನಲ್ಲಿ ಗಾಯಕ್ಕೆ ಸೊಪ್ಪು ಕಟ್ಟುವ ವೈದ್ಯರೊಬ್ಬರು ಇದ್ದರು. ಅವರು ಕೊಯ್ಯುತ್ತಿರಲಿಲ್ಲ. ನಮ್ಮ ಕೇರಿಯವರನ್ನು ಮುಟ್ಟುತ್ತಲೂ ಇರಲಿಲ್ಲ.

ದಾರಿ ಕವಲೊಡೆಯುವಲ್ಲಿ ಗಾಡಿ ಹೊಡೆಯುತ್ತಿದ್ದ ನನ್ನ ತಮ್ಮ ಎತ್ತು ನಿಲ್ಲಿಸಿದ.

"ಮಾವ, ದಾರಿ ಎರಡಾತು. ಹುಕುಂ ಕೊಡು. ಬಳ್ಳಾರಿಗೋ, ಕುರುಗೋಡಿಗೋ?"

"ಬಳ್ಳಾರಿ ಕಡೆ ಎತ್ತಿನ ಮೂತಿ ತಿರುಗಿದ್ರ ನಾ ಇಲ್ಲೇ ಇಳೀತೀನಿ ಲೇ."

"ಇಳದು ಯಾ ಕಾಲಿಲೆ ನಡೀತಿ?"

ತಮ್ಮ ಹೇಳುವ ಕಥೆಯಲ್ಲಿ ಇಲ್ಲಿ ನಾವು ಮೂವರೂ ನಗುತ್ತೇವೆ. ಅಂದು ನಾನು ನಕ್ಕ ನೆನಪು ನನಗಿಲ್ಲ.

ವೈದ್ಯರ ಮನೆ ಗುಡ್ಡದ ಬುಡದಲ್ಲಿತ್ತು. ಅವರು ಜಗಲಿಯ ಮೇಲೆ ಕುಳಿತರು, ನಾವು ಅಂಗಳದ ಬೇವಿನ ಕೆಳಗೆ. ಅವರ ಕೈಯಲ್ಲಿ ಒಂದು ಉದ್ದ ಕೋಲಿತ್ತು.

"ಬಟ್ಟಿ ಬಿಚ್ಚವಾ. ನಾ ಕೋಲು ತೋರಿಸಿದಲ್ಲಿ ನೀ ಒತ್ತು. ಮೆತ್ತಗಲ್ಲ, ರೊಟ್ಟಿ ಹಿಟ್ಟು ನಾದಿದಂಗ ಒತ್ತು."

ಅವರದು ಅದೇ ಪದ್ಧತಿ. ನಮ್ಮವರು ಬಂದರೆ ಕೋಲು ಅವರದು, ಕೈ ನಮ್ಮದು, ಉತ್ತರ ರೋಗಿಯದು. ಕೋಲಿನ ತುದಿ ಹಿಮ್ಮಡದ ಕಡೆ ಚಾಚಿತು. ಒತ್ತಿದೆ.

"ನೋವು ಐತೇನಪಾ?"

"ಇಲ್ರಿ."

ಕೋಲು ಕಾಲ್ಗೆಣ್ಣಿನ ಮೇಲಕ್ಕೆ ಬಂತು. ಒದ್ದೆ ಚೀಲ ಒತ್ತಿದಂತಿತ್ತು. "ಇಲ್ರಿ." ಮೀನಖಂಡಕ್ಕೆ ಬಂತು. "ಇಲ್ರಿ." ಮೊಣಕಾಲ ಕೆಳಗೆ ಬಂತು. "ಇಲ್ರಿ." ಕವಾಯತಿನಲ್ಲಿ ಹಾಜರಿ ಕೂಗಿದವರ ದನಿ.

ವೈದ್ಯರು ಕೋಲು ಕೆಳಗಿಟ್ಟರು. "ಮೊಣಕಾಲ ತನಕ ಸತ್ತೈತಿ. ಸತ್ತ ಮಾಂಸಕ್ಕ ನನ್ನ ಸೊಪ್ಪು ಹತ್ತಂಗಿಲ್ಲ. ಇವತ್ತ ಬಳ್ಳಾರಿಗೆ ಒಯ್ದು ಕಡಿಸ್ರಿ. ತಡ ಮಾಡಿದ್ರ ಜೀವಾನ ಹೋಗತೈತಿ."

ನನ್ನ ಗಂಡ ನನ್ನ ಕಡೆ ನೋಡಿದರು. ಕಾಲು ಉಳಿಸಿದ್ದ ಉತ್ತರವನ್ನೇ ಕೊಟ್ಟಿದ್ದರಲ್ಲ, ಎಲ್ಲಿ ತಪ್ಪಿತು ಎಂದು ಅವರಿಗೆ ತಿಳಿಯಲಿಲ್ಲ.

ನನಗೆ ತಿಳಿದಿತ್ತು. ಮೀನಖಂಡ ಒತ್ತಿದಾಗ ನನ್ನ ಹೆಬ್ಬೆರಳ ಕೆಳಗೆ ಮಾಂಸ ಜಿಗಿದಿತ್ತು, ನೀರಿನಲ್ಲಿ ಕಾಲಿಗೆ ತಾಗಿದ ಮರಿಮೀನಿನ ಹಾಗೆ. ಅಥವಾ ಅದು ನನ್ನದೇ ಬೆರಳಿನ ನಾಡಿ. ಹೆದರಿದವಳ ಬೆರಳಲ್ಲಿ ನಾಡಿ ಜೋರಾಗಿಯೇ ಬಡಿಯುತ್ತದೆ. ನಾನು ಬಾಯಿಬಿಟ್ಟು, ಅದು ತಪ್ಪಾಗಿದ್ದರೆ, ಸತ್ತ ಕಾಲನ್ನು ಮನೆಗೆ ಒಯ್ದು ಗಂಡನನ್ನೇ ಕೊಂದಂತೆ. ಸುಮ್ಮನಿದ್ದರೆ ಬದುಕಿದ ಕಾಲಿಗೆ ಗರಗಸ.

ಎಷ್ಟು ಹೊತ್ತು ಸುಮ್ಮನಿದ್ದೆನೋ. ತಮ್ಮ ಹೇಳುವುದು, ನಾನು ಕೂಡಲೇ ಕೂಗಿದೆನಂತೆ. ನನ್ನ ಗಂಡ ಹೇಳುತ್ತಿದ್ದುದು, ನಾನು ಅತ್ತೆನಂತೆ. ಇಬ್ಬರ ಮಾತೂ ನನಗೆ ಒಗ್ಗುವುದಿಲ್ಲ. ನನ್ನ ದನಿ ಬಹಳ ಸಣ್ಣಗೆ ಬಂದಿತ್ತು ಅನಿಸುತ್ತದೆ.

"ಯಪ್ಪಾ, ಮ್ಯಾಲಿಂದು ಸತ್ತಿಲ್ಲ. ನನ್ನ ಕೈಯಾಗ ಜಿಗೀತು."

"ಸುಮ್ನಿರಲೇ," ಎಂದರು ನನ್ನ ಗಂಡ.

"ನೀ ಸುಮ್ನಿರೋ ಸಿಪಾಯಿ," ಎಂದರು ವೈದ್ಯರು. "ಇನ್ನ ನಿನ್ನ ಕೇಳಂಗಿಲ್ಲ. ಯವ್ವಾ, ಕೆಳಗಿಂದ ಮತ್ತ ಒತ್ತಿಗೋತ ಬಾ. ಎಲ್ಲಿ ಜಿಗೀತೈತಿ, ಅಲ್ಲಿ ಸುತ್ತಲೂ ಮಸಿ ಹಚ್ಚು."

ಒಲೆಯ ಮಸಿಯನ್ನು ಎಲೆಯ ಮೇಲೆ ಹಾಕಿ ಅಂಗಳಕ್ಕೆ ಸರಿಸಿದರು. ಗೆಣ್ಣಿನಿಂದ ಮೇಲೆ ಒಂದೊಂದೇ ಬೆರಳಗಲ ಒತ್ತುತ್ತ ಹೋದೆ. ಎಲ್ಲೂ ಏನೂ ಇಲ್ಲ. ಏನೂ ಇಲ್ಲ. ಮೀನಖಂಡ ಶುರುವಾಗುವಲ್ಲಿ ಜಿಗಿಯಿತು. ಈ ಸಲ ಹೆಬ್ಬೆರಳು ತೆಗೆದು, ನಾಡಿ ಇಲ್ಲದ ಮೊಣಕೈಯಿಂದ ಒತ್ತಿದೆ. ಮತ್ತೆ ಜಿಗಿಯಿತು. ಅಲ್ಲಿ ಗೆರೆ ಎಳೆದೆ.

ಸೊಪ್ಪಿನ ಗಂಟನ್ನು ವೈದ್ಯರು ಕೋಲಿನ ತುದಿಗೆ ಸಿಕ್ಕಿಸಿ ಚಾಚಿದರು. "ದಿನಾ ಮುಂಜಾನೆ ಗೆರಿ ಹತ್ರ ಒತ್ತಿ ನೋಡು. ಕಾಲಿನ ಕಪ್ಪು ಈ ಗೆರಿ ದಾಟ್ತು, ಇಲ್ಲಾ ಜಿಗಿಯೂದು ನಿಂತಿತು ಅಂದ್ರ, ನನ್ನ ಕಡೆ ಬರಬ್ಯಾಡ್ರಿ. ಸೀದಾ ಬಳ್ಳಾರಿ."

ಆಮೇಲಿನ ಮುಂಜಾವುಗಳು ನನಗೆ ಬೇರೆ ಬೇರೆಯಾಗಿ ಉಳಿದಿಲ್ಲ. ಎಲ್ಲವೂ ಸೇರಿ ಒಂದೇ ಉದ್ದ ಮುಂಜಾನೆಯಾಗಿವೆ: ನಾನು ಒತ್ತುತ್ತಿದ್ದೇನೆ, ಅವರು ತೊಲೆ ನೋಡುತ್ತಿದ್ದಾರೆ, "ಏನಂತೈತಿ ಕಾಲು?" ಎಂದು ನನ್ನನ್ನೇ ಕೇಳುತ್ತಿದ್ದಾರೆ. ಜಿಗಿದ ಮೇಲೆಯೇ ನಾನು ಒಲೆ ಹೊತ್ತಿಸುತ್ತಿದ್ದೆ. ಕಾಲಿನ ಕಪ್ಪು ಆ ಗೆರೆಯನ್ನು ದಾಟಲಿಲ್ಲ. ಕೊಳೆತದ್ದು ಸೊಪ್ಪಿನ ಜೊತೆ ಉದುರಿ ತೆಳ್ಳನೆಯ ಚರ್ಮ ಬಂತು.

ಒಂದು ದಿನ ಒತ್ತಿದಾಗ ಜಿಗಿಯಲಿಲ್ಲ.

ಇನ್ನೂ ಗಟ್ಟಿಯಾಗಿ ಒತ್ತಿದೆ. ಇಲ್ಲ.

"ನೋವಿಲ್ಲ," ಎಂದರು. "ಖರೇನ ಇಲ್ಲ. ವಾಸಿ ಆಗೈತಿ."

ಆ ಮಾತನ್ನು ಹೇಗೆ ನಂಬಲಿ? ವಾಸಿಯಾದ ಕಾಲೂ ಇಲ್ಲ ಎನ್ನುತ್ತದೆ, ಸತ್ತ ಕಾಲೂ ಇಲ್ಲ ಎನ್ನುತ್ತದೆ, ಇವರಂತೂ ಯಾವಾಗಲೂ ಇಲ್ಲ ಎಂದವರೇ. ತಮ್ಮನನ್ನು ಕೂಗಿ ಬಳ್ಳಾರಿಗೆ ಗಾಡಿ ಹೂಡು ಎಂದೆ. ಅವನು ಎತ್ತು ತಂದ. ನಾನು ಒಳಗೆ ಬಂದು ಕಾಲಿನ ಹೊಸ ಚರ್ಮಕ್ಕೆ ಉಗುರು ಊರಿದೆ.

"ಉಗುರು ತಗಿಯಲೇ," ಎಂದರು.

ತಾಗಿ ಹೇಳಿದರೋ, ಕಂಡು ಹೇಳಿದರೋ. ಸೆರಗಿನಿಂದ ಅವರ ಕಣ್ಣು ಮುಚ್ಚಿ, ಸದ್ದಿಲ್ಲದೆ ಬೇರೆ ಕಡೆ ಒಂದು ಬೆರಳು ಇಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೇ.

"ಈಗೆಲ್ಲಿ?"

ಸೆರಗಿನ ಕೆಳಗೆ ಅವರ ಹುಬ್ಬು ಗಂಟಾಯಿತು.

"ಹಿಮ್ಮಡದ ಹಿಂದ," ಎಂದರು. "ನಿನ್ನ ಬೆರಳು ತಣ್ಣಗ ಐತಿ."

ಬೆರಳು ಅಲ್ಲೇ ಇತ್ತು. ಹೊರಗೆ ಬಂದು ಎತ್ತು ಬಿಚ್ಚು ಎಂದೆ. ತಮ್ಮ ಕೂಡಲೇ ಬಿಚ್ಚಲಿಲ್ಲ. ಈ ಉತ್ತರವಾದರೂ ನಿಜವೇ ಎಂಬಂತೆ, ನೊಗ ಹಿಡಿದುಕೊಂಡೇ ನನ್ನ ಮುಖ ನೋಡುತ್ತ ನಿಂತಿದ್ದ.