ಟವೆಲ್ ಇಲ್ಲದ ಸಂತೆ

ಪುಂಡಲೀಕಪ್ಪ ಲಕ್ಷ್ಮೇಶ್ವರದ ದನದ ಸಂತೆಯ ದಲಾಲ. ನಾನು ಅದೇ ಸಂತೆಯಲ್ಲಿ ಹಗ್ಗ, ಮೂಗುದಾರ ಮಾರುವವನು. ಮೇಲಾಗಿ ಅವನ ಗೋಡೆಗೆ ಗೋಡೆ ಹತ್ತಿದ ನೆರೆಯವನು. ಹೀಗಾಗಿ ಅವನ ಬಗ್ಗೆ ಮಾತಾಡುವ ಹಕ್ಕು ನನಗಿದೆ, ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇದೆ.

ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಮೈಮೇಲಿನ ಸುಳಿ ನೋಡಿ, ಇದು ಮನೆಗೆ ಆಗಿಬರುತ್ತದೆ, ಇದು ಬರುವುದಿಲ್ಲ ಎನ್ನುತ್ತಿದ್ದ. ದರವನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಗಿರಾಕಿಯ ಕೈ ಹಿಡಿದು, ಬೆರಳು ಒತ್ತಿ ದರ ತಿಳಿಸುವುದು ಅವನ ಪದ್ಧತಿ. ಪಕ್ಕದಲ್ಲಿ ನಿಂತವನಿಗೂ ಅದು ಗೊತ್ತಾಗುವುದಿಲ್ಲ. ಬೆಳಗಿನ ಮೊದಲ ಗಿರಾಕಿಗೆ ಬೋಣಿಯೆಂದು ಕಡಿಮೆಗೆ ಕೊಟ್ಟರೂ ಆ ದರ ಎರಡು ಕೈಗಳ ನಡುವೆಯೇ ಉಳಿಯುತ್ತದೆ. ಎರಡನೆಯವನಿಗೆ ಬೇರೆ ದರ ಹೇಳಲು ಅಡ್ಡಿಯಿಲ್ಲ. ಬೋಣಿಯ ಗಿರಾಕಿಯನ್ನು ಪುಂಡಲೀಕಪ್ಪ ಜನ್ಮದಲ್ಲಿ ಬರಿಗೈಲಿ ಕಳಿಸಿದವನಲ್ಲ.

ಟ್ರ್ಯಾಕ್ಟರ್ ಬಂದು ಸಂತೆಯಲ್ಲಿ ಎತ್ತುಗಳು ಕಡಿಮೆಯಾದವು. ಪುಂಡಲೀಕಪ್ಪ ವಸೀಮನ ಮೊಬೈಲ್ ಅಂಗಡಿಯ ಕಟ್ಟೆ ಮೇಲೆ ಹೊತ್ತು ಕಳೆಯತೊಡಗಿದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಡಿಜಿಟಲ್ ಹೋರಿ. ಯಾರೋ ಚಿತ್ರಗಾರ ಕಂಪ್ಯೂಟರಿನಲ್ಲಿ ನಲವತ್ತು ಹೋರಿಗಳ ಚಿತ್ರ ಬರೆದು, ಒಂದೊಂದಕ್ಕೂ ನಂಬರು ಕೊಟ್ಟು, ನಲವತ್ತೊಂದನೆಯದು ಹುಟ್ಟುವುದೇ ಇಲ್ಲ ಎಂದು ಮಾತು ಕೊಟ್ಟು ಫೋನಿನ ಪೇಟೆಗೆ ಬಿಟ್ಟಿದ್ದ. ಕೊಂಡವನ ಹೆಸರಿಗೆ ಆ ಹೋರಿ ದಾಖಲಾಗುತ್ತದೆ. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ಒಡೆಯ ಮಾತ್ರ ಒಬ್ಬನೇ. ಸಗಣಿ ಹಾಕದ, ಹೊಟ್ಟು ತಿನ್ನದ ಹೋರಿಗೆ ಜನ ದುಡ್ಡು ಕೊಡುತ್ತಾರೆಂದು ಕೇಳಿ ನಾನು ಬಿದ್ದು ಬಿದ್ದು ನಕ್ಕೆ.

ಪುಂಡಲೀಕಪ್ಪ ನಗಲಿಲ್ಲ. ನಲವತ್ತನ್ನೂ ಒಂದೊಂದಾಗಿ ದೊಡ್ಡದು ಮಾಡಿ, ಹಲ್ಲು ನೋಡುವಷ್ಟೇ ಶ್ರದ್ಧೆಯಿಂದ ನೋಡಿದ.

"ಇಲ್ಲಿ ನೋಡಲೇ," ಎಂದು ನನಗೂ ತೋರಿಸಿದ. "ಕರೇ ಮೈ ಬೇಕಾದಷ್ಟಕ್ಕ ಐತಿ. ಹಣಿ ಮ್ಯಾಲೆ ಸುಳಿ ನಾಕೈದಕ್ಕ ಐತಿ. ಬೆಳ್ಳಿ ಕೋಡು ಒಂದಕ್ಕಷ್ಟ. ಇಂಥಾದ್ದು ಇನ್ನೊಂದು ಹುಟ್ಟಂಗಿಲ್ಲ. ಅಪರೂಪ ಅಂದ್ರ ಇದು."

ತನಗೆಂದು ಒಂದು ಸಾದಾ ಕರಿ ಹೋರಿ ಕೊಂಡ. ಬೆಳ್ಳಿ ಕೋಡಿನದನ್ನು ಅಕ್ಕ ಗದಿಗೆವ್ವನಿಗೆ ಕೊಡಿಸಿದ.

ಗದಿಗೆವ್ವ ಗಂಡ ತೀರಿಕೊಂಡ ಮೇಲೆ ಕೊರ್ಲಹಳ್ಳಿಯಿಂದ ತಮ್ಮನ ಮನೆಗೆ ಬಂದವಳು. ತಮ್ಮನ ಹೆಂಡತಿ ಮರಿಯವ್ವ ಕೆಟ್ಟವಳೇನಲ್ಲ. ಆದರೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, ಪಡಸಾಲೆಯಿಂದಲೇ "ಯಾರದು?" ಎನ್ನುತ್ತಿದ್ದಳು. ಅದಕ್ಕಾಗಿಯೇ ಗದಿಗೆವ್ವ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು. ಬೆಟಗೇರಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ನೋಡಿಟ್ಟಿದ್ದಳು. ಅಲ್ಲಿ ರೊಟ್ಟಿ ಬಡಿದು ಮಾರಿ, ಯಾರ ಹಂಗಿಲ್ಲದೆ ಬದುಕುವುದು ಅವಳ ಆಸೆ. ಕೈಯಲ್ಲಿದ್ದ ಬಂಗಾರದ ಪಾಟಲಿ ಮಾರಿದರೂ ಕೋಣೆಯ ಮುಂಗಡಕ್ಕೆ ಸಾಲುತ್ತಿರಲಿಲ್ಲ.

"ಪಾಟ್ಲಿ ರೊಕ್ಕಾ ಹೋರಿಗೆ ಹಾಕು ಅಕ್ಕಾ. ಅದನ್ನ ಮಾರಿ ನಿನಗ ಕೋಣಿ ಕೊಡಸ್ತೀನಿ," ಎಂದ ತಮ್ಮ. ಅವನ ಕಣ್ಣನ್ನು ಊರೇ ನಂಬುತ್ತಿತ್ತು, ಒಡಹುಟ್ಟಿದವಳು ನಂಬದಿರುತ್ತಾಳೆಯೇ?

ಮೊದಮೊದಲು ಅವನ ಲೆಕ್ಕ ಸುಳ್ಳಾಗಲಿಲ್ಲ. ದರ ಏರಿತು. ಹೊರರಾಜ್ಯದವನೊಬ್ಬ ಬೆಳ್ಳಿ ಕೋಡಿನ ಹೋರಿಗೆ ಕೋಣೆಯ ಮುಂಗಡ ಕಳೆದೂ ಉಳಿಯುವಷ್ಟು ಕೊಡಲು ಒಪ್ಪಿ, ಸೋಮವಾರ ಮಧ್ಯಾಹ್ನ ವ್ಯವಹಾರ ಮುಗಿಸೋಣ ಎಂದ. ಗದಿಗೆವ್ವ ಬೆಟಗೇರಿಗೆ ಹೋಗಿ ಕೋಣೆಯ ಮಾಲೀಕರಿಗೆ ಮಾತು ಕೊಟ್ಟು ಬಂದಳು. ಬರುವಾಗ ಹೊಸದೊಂದು ಬೀಗ ಕೊಂಡು ತಂದಳು. "ನನ್ನ ಬಾಗಲಕ್ಕರಿ," ಎಂದು ನನ್ನ ಹೆಂಡತಿಗೂ ತೋರಿಸಿದಳು. ಆ ಮುಖದಲ್ಲಿ ಅಂಥ ನಗೆಯನ್ನು ನಾನು ಕಂಡದ್ದು ಅದೊಂದೇ ಸಲ.

ಸೋಮವಾರ ಬೆಳಿಗ್ಗೆ ಪುಂಡಲೀಕಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ತನ್ನ ಮನೆಯ ಕಟ್ಟೆಯ ಮೇಲೆ ಕೂತು ಫೋನ್ ತೆರೆದ. ಅವನ ಸಾದಾ ಹೋರಿಯನ್ನು ಯಾರೋ ಕೇಳಿದ್ದರು. ತೀರಾ ಕಡಿಮೆ ದರ. ಕೊಂಡದ್ದರ ಕಾಲುಭಾಗವೂ ಇರಲಿಲ್ಲ. ಆದರೆ ದಿನದ ಮೊದಲ ಗಿರಾಕಿ, ಅದೂ ಅಕ್ಕನ ವ್ಯವಹಾರದ ದಿನ.

"ಹೋಗ್ಲಿ, ನನಗ ಲುಕ್ಸಾನ ಆಗ್ಲಿ. ಬೋಣಿ ಚಲೋ ಆದ್ರ ಅಕ್ಕಂದು ಸುಸೂತ್ರ ಆಗ್ತೈತಿ," ಎಂದು ನನಗೆ ಹೇಳಿ, ಒಪ್ಪಿಗೆ ಒತ್ತಿ, ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಎಷ್ಟು ಪ್ರೀತಿಯಿಂದ ಮಾಡಿದ ಕೆಲಸ ಅದು!

ಮಧ್ಯಾಹ್ನದ ಹೊತ್ತಿಗೆ ಉಳಿದ ಹೋರಿಗಳ ಒಡೆಯರೆಲ್ಲ ಗಾಬರಿಬಿದ್ದು, ಸಿಕ್ಕಷ್ಟಕ್ಕೆ ಮಾರಲು ಹತ್ತಿದ್ದರು. ಹೊರರಾಜ್ಯದವನು ತನಗೆ ಬೇಡವೆಂದು ಒಂದೇ ಸಾಲು ಬರೆದು ಕಳಿಸಿದ. ಪುಂಡಲೀಕಪ್ಪ ಚಪ್ಪಲಿ ಮೆಟ್ಟದೆ ವಸೀಮನ ಅಂಗಡಿಗೆ ಓಡಿದ. ನಾನೂ ಹಿಂದೆಯೇ ಹೋದೆ.

"ಕಾಕಾ, ಇಲ್ಲಿ ಟವೆಲ್ ಇಲ್ಲರಿ," ಎಂದ ವಸೀಮ. "ನೀವು ಎಷ್ಟಕ್ಕ ಕೊಟ್ರಿ ಅನ್ನೂದು ಆಗಿಂದಾಗ ಎಲ್ಲಾರಿಗೂ ಕಾಣತೈತಿ. ಕಡೀಕ ಹೋದ ದರಾನ ಎಲ್ಲಾ ಹೋರಿ ದರಾ ಅಂತ ತಿಳಕೊಂತಾರ."

"ನಂದು ಸಾದಾ ಹೋರಿಲೇ! ಅಕ್ಕಂದು ಬೆಳ್ಳಿ ಕೋಡು. ಅಂಥಾದ್ದು ಒಂದ ಐತಿ!"

"ಒಂದ ಐತ್ರಿ ಕಾಕಾ. ಕೇಳಾವ್ರು ಒಬ್ರೂ ಇಲ್ಲ."

ದರ ಮತ್ತೆ ಏಳಲಿಲ್ಲ. ಬೆಟಗೇರಿಯ ಕೋಣೆಗೆ ಬೇರೆಯವರು ಬಂದರು. ಹೊಸ ಬೀಗ ಗದಿಗೆವ್ವನ ಟ್ರಂಕಿಗೆ ಬಿತ್ತು. ಈಗ ಯಾರಾದರೂ ಎತ್ತು ತಂದು ತೋರಿಸಿದರೆ ಪುಂಡಲೀಕಪ್ಪ "ನನಗ ತಿಳಿಯಂಗಿಲ್ಲ, ಬ್ಯಾರೆಯವ್ರನ್ನ ಕೇಳ್ರಿ" ಎನ್ನುತ್ತಾನೆ. ಬೆಳಿಗ್ಗೆ ಎದ್ದು ಫೋನ್ ನೋಡುವುದನ್ನು ಮಾತ್ರ ಬಿಟ್ಟಿಲ್ಲ. ಆ ದರಿದ್ರ ಫೋನನ್ನು ಕಸಿದುಕೊಂಡು ಬಾವಿಗೆ ಎಸೆಯಬೇಕೆನಿಸುತ್ತದೆ ನನಗೆ.

ಮೊನ್ನೆ ಸಂಜೆ ಅಕ್ಕ, ತಮ್ಮ, ನಾನು ಮೂವರೂ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು.

"ತಮ್ಮಾ, ನನ್ನ ಹೋರಿಗೆ ಈಗ ಎಷ್ಟ ಬರ್ತೈತಿ? ಖರೆ ಹೇಳು," ಎಂದಳು ಗದಿಗೆವ್ವ.

ಪುಂಡಲೀಕಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅಕ್ಕನ ಬರಿಗೈಯ ಮೇಲೆ ಹಾಕಿ, ಅದರ ಕೆಳಗೆ ತನ್ನ ಕೈ ತೂರಿಸಿದ. ದರ ಹೇಳುವಾಗ ಅವನ ಮೊಣಕೈ ಸಣ್ಣಗೆ ಅಲುಗುತ್ತದೆ. ನಾನು ಅದನ್ನೇ ನೋಡುತ್ತಿದ್ದೆ. ಅಲುಗಲಿಲ್ಲ. ಅವಳ ಕೈ ಹಿಡಿದುಕೊಂಡು ಹಾಗೆಯೇ ಕೂತ, ಒಂದು ಬೆರಳನ್ನೂ ಒತ್ತಲಿಲ್ಲ.

ಗದಿಗೆವ್ವ "ತಿಳೀತು ಬಿಡು," ಎಂದು ಕೈ ಬಿಡಿಸಿಕೊಂಡು, ನಮಗೆ ಚಹಾ ಮಾಡಲು ಒಳಗೆ ಹೋದಳು. ಡಬ್ಬಿಯ ಮುಚ್ಚಳ ಸದ್ದಾಯಿತು.

"ಯಾರದು?" ಎಂದಳು ಪಡಸಾಲೆಯಿಂದ ಮರಿಯವ್ವ.

"ನಾನ ಅದೀನಿ," ಎಂದಳು ಗದಿಗೆವ್ವ.