ಸಾಹೇಬರು ಮುಚ್ಚಿದ ನೀರು

ಮೋಸಂಬಿ ಹೂವಿನ ವಾಸನೆ ಬಂದರೆ ಜನ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷಗಳಾದರೂ ಅದು ಆರಿಲ್ಲ, ಆರಲಿ ಎಂದು ನಾನು ಪ್ರಯತ್ನಪಟ್ಟೂ ಇಲ್ಲ. ಮನೆಯಲ್ಲಿ ಯಾರಾದರೂ ಮೋಸಂಬಿ ರಸ ತಂದುಕೊಟ್ಟರೆ ಕುಡಿಯುತ್ತೇನೆ. ಹೂವಿನ ಸುದ್ದಿ ಮಾತ್ರ ಬೇಡ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಿರುಗುಪ್ಪದ ಹತ್ತಿರ ಹಣ್ಣಿನ ಬೆಳೆಗಳ ಸಂಶೋಧನಾ ತೋಟವೊಂದರಲ್ಲಿ ಸಹಾಯಕಿಯಾಗಿದ್ದೆ. ಬಾಗಿಲ ಮೇಲೆ ‘ಸಸ್ಯ ಶರೀರಕ್ರಿಯಾ ವಿಭಾಗ’ ಎಂದು ಬರೆದಿತ್ತು. ವಿಭಾಗವೆಂದರೆ ನಾನು, ಒಂದು ತಕ್ಕಡಿ, ಬೇಸಿಗೆಯಲ್ಲಿ ರೊಟ್ಟಿ ಬೇಯಿಸಬಹುದಾದಂಥ ತಗಡಿನ ಕೋಣೆ, ಅಷ್ಟೆ. ಬಳ್ಳಾರಿಯಿಂದ ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆ ವಾಪಸಾಗುತ್ತಿದ್ದೆ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಓಣಿಯವರು ಕೇಳಿದರೆ ನಮ್ಮವ್ವ, ಎಲೆ ತೂಗುತ್ತಾಳೆ ಎನ್ನುತ್ತಿದ್ದಳು. ಕೇಳಿದವರು ವೀಳ್ಯದೆಲೆ ವ್ಯಾಪಾರವೆಂದು ತಿಳಿದುಕೊಂಡು ಸುಮ್ಮನಾಗುತ್ತಿದ್ದರು.

ಅವ್ವ ಹೇಳಿದ್ದು ನಿಜವೇ. ಎಲೆಯಿಂದ ಬಿಲ್ಲೆಗಳನ್ನು ಕತ್ತರಿಸಿ ತೂಗುವುದು, ನೀರಿನಲ್ಲಿ ತೇಲಿಬಿಟ್ಟು ಮತ್ತೆ ತೂಗುವುದು, ಒಣಗಿಸಿ ಇನ್ನೊಮ್ಮೆ ತೂಗುವುದು. ಎಲೆಗೆ ಎಷ್ಟು ದಾಹವಾಗಿದೆ ಎಂದು ಅದರಿಂದ ತಿಳಿಯುತ್ತಿತ್ತು. ಇನ್ನೊಂದು, ಕೋಬಾಲ್ಟ್ ಕಾಗದ. ಒಣಗಿದಾಗ ನೀಲಿ, ತೇವ ತಾಗಿದರೆ ಗುಲಾಬಿ. ಅದನ್ನು ಎಲೆಯ ಬೆನ್ನಿಗೆ ಒತ್ತಿ ಹಿಡಿದರೆ, ಉಸಿರಾಡುವ ಎಲೆ ಬೇಗ ಗುಲಾಬಿ ಮಾಡುತ್ತದೆ. ನೀರಿಲ್ಲದೆ ಬಾಯಿ ಮುಚ್ಚಿಕೊಂಡ ಎಲೆ ನೀಲಿಯನ್ನು ನೀಲಿಯಾಗಿಯೇ ಬಿಡುತ್ತದೆ. ಸಿರುಗುಪ್ಪದ ಸುತ್ತ ಕಾಲುವೆ ನೀರು, ಭತ್ತದ ಗದ್ದೆ. ಅಲ್ಲಿ ಎಷ್ಟೋ ಸಲ ಎಲೆಗೆ ಹಚ್ಚುವ ಮೊದಲೇ ಕಾಗದ ಗುಲಾಬಿಯಾಗಿ ನನ್ನನ್ನು ಅಣಕಿಸುತ್ತಿತ್ತು.

ನಮ್ಮ ಕೆಲಸ ಮೋಸಂಬಿಗೆ ನೀರು ನಿಲ್ಲಿಸುವ ಪ್ರಯೋಗ. ಇದು ಬೆಳೆಗಾರರಿಗೆ ಹಳೆಯ ರೂಢಿ. ಗಿಡಕ್ಕೆ ಕೆಲವು ಕಾಲ ನೀರು ಕೊಡದೆ ಬಾಡಿಸಿ, ಆಮೇಲೆ ಬಿಟ್ಟರೆ ಅದು ಒಮ್ಮೆಲೇ ಹೂ ಕಟ್ಟುತ್ತದೆ. ಪ್ರಶ್ನೆ ಒಂದೇ, ಎಷ್ಟು ಕಾಲ? ಸಿರುಗುಪ್ಪದ್ದು ಎರೆಭೂಮಿ. ಕಪ್ಪು ಮಣ್ಣು ಹೊಟ್ಟೆಯಲ್ಲಿ ನೀರು ಬಚ್ಚಿಟ್ಟುಕೊಂಡಿರುತ್ತದೆ, ಎರಡು ತಿಂಗಳು ನಿಲ್ಲಿಸಿದರೂ ಗಿಡ ಜಗ್ಗುವುದಿಲ್ಲ. ಕುರುಗೋಡಿನ ಗುಡ್ಡದ ಬುಡದ ನೀರು ಹಿಡಿದಿಡದ ಕೆಂಪು ಮಸಾರಿ ಮಣ್ಣಿನಲ್ಲಿ ಅದರ ಅರ್ಧವೂ ಹೆಚ್ಚು. ಆದ್ದರಿಂದ ದಿನ ಎಣಿಸಬಾರದು, ಎಲೆ ನೋಡಬೇಕು. ಇದನ್ನು ಹೇಳಲು ದೊಡ್ಡ ವಿದ್ಯೆ ಬೇಕಿಲ್ಲ. ನಮ್ಮ ಸಾಹೇಬರಿಗೆ ಮಾತ್ರ ಒಂದು ಅಂಕಿ ಬೇಕಿತ್ತು. ಹಳೇ ಮೈಸೂರಿನ ಕಡೆಯವರು, ಮಾತು ಬೆಣ್ಣೆ, ಷರಟಿನ ಇಸ್ತ್ರಿ ಎಂದೂ ಮುರಿಯದು. ಎರಡು ತಿಂಗಳು ಎಂಬ ಆ ಅಂಕಿ ಅವರ ತಲೆಯಲ್ಲಿ ಮೊದಲೇ ಕೂತಿತ್ತು. ಅದು ಎಲ್ಲ ಮಣ್ಣಿಗೂ ಸರಿ ಎಂದು ತೋರಿಸಲು ಕುರುಗೋಡಿನಲ್ಲಿ ಒಂದು ತೋಟ ಹುಡುಕಿದರು.

ಆ ತೋಟ ನಡೆಸುತ್ತಿದ್ದವಳು ನಡುವಯಸ್ಸಿನ ಹೆಂಗಸು. ಗಂಡ ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರದಲ್ಲಿ ಮುಳುಗಿದ್ದ. ಜೋಳ ಬಿತ್ತೋ ಹೊಲದಲ್ಲಿ ಚೀನಿಗಿಡ ಹಚ್ಚುತ್ತಾಳೆ, ತಲೆ ಕೆಟ್ಟಿದೆ ಎಂದು ಮನೆಯವರೆಲ್ಲ ಮೂಗು ಮುರಿದಿದ್ದರಂತೆ. ಆ ಸೀಮೆಯ ತೆಲುಗು ಬೆರೆತ ಬಾಯಲ್ಲಿ ಮೋಸಂಬಿಗೆ ಚೀನಿ ಎಂದೇ ಹೆಸರು. ಬಾವಿಗೆ ಎಂಜಿನ್ ಕೂರಿಸಿ, ತಾನೇ ಪಾತಿ ಕಟ್ಟಿಸಿ, ಗಿಡಗಳನ್ನು ಫಸಲಿಗೆ ತಂದಿದ್ದಳು. ಅವುಗಳ ಅರ್ಧವನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟಳು. ಸರ್ಕಾರದ ಸಾಹೇಬರೇ ಬಾಗಿಲಿಗೆ ಬಂದು ಕೇಳಿದ್ದರಿಂದ ಅವಳಿಗೆ ಮನೆಯವರ ಎದುರು ತಲೆ ಎತ್ತಿದ ಹಾಗಾಗಿತ್ತು. ಈ ಸಲ ಫಸಲು ಬಂದರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಮೈದುನರು ಗಿಡ ಕಿತ್ತು ಮತ್ತೆ ಜೋಳ ಬಿತ್ತುತ್ತಾರೆ ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು.

ಯುಗಾದಿಯ ಮಾರನೆ ವಾರ ನೀರು ನಿಲ್ಲಿಸುವ ಕಾರ್ಯಕ್ರಮ. ಹೌದು, ಸಾಹೇಬರಿಗೆ ಅದೂ ಕಾರ್ಯಕ್ರಮ. ಒಂದು ಮಣ್ಣುಹೆಂಟೆ ಇಟ್ಟು ಬಾವಿಯಿಂದ ಪ್ರಯೋಗದ ಗಿಡಗಳಿಗೆ ಹೋಗುವ ಕಾಲುವೆಯ ಬಾಯಿ ಮುಚ್ಚುವುದಕ್ಕೆ ತೆಂಗಿನಕಾಯಿ, ಊದುಬತ್ತಿ, ಊರಿನ ನಾಲ್ಕು ಹಿರಿಯರು. ಸಾಹೇಬರು ತಮ್ಮ ಕೈಯಾರೆ ಮಣ್ಣು ಮೆತ್ತಿ, ಅದರ ಮೇಲೆ ವಿಭೂತಿ ಎಳೆದು, ಕುಂಕುಮ ಇಟ್ಟು, ತಾವೇ ಬಂದು ತೆಗೆಯುವವರೆಗೆ ಇದನ್ನು ಯಾರೂ ಮುಟ್ಟಬಾರದು ಎಂದು ಸಾರಿದರು. ಚಪ್ಪಾಳೆಯಾಯಿತು. ಅವರ ಪಾಲಿಗೆ ಅದು ಭಾಷಣದ ಕೊನೆಯ ಸಾಲು. ಆ ಹೆಂಗಸಿನ ಪಾಲಿಗೆ ಹಾಗಿರಲಿಲ್ಲ. ಅವಳ ಮನೆಯಲ್ಲಿ ಜೋಳ ತುಂಬುವ ಹಗೇವು ಇತ್ತು, ನೆಲದೊಳಗಿನ ಕಣಜ. ಅದನ್ನು ಪೂಜೆ ಮಾಡಿ ಯಾರು ಮುಚ್ಚುತ್ತಾರೋ ಅವರೇ ತೆರೆಯಬೇಕು. ಬೇರೆ ಕೈ ತಾಕಿದರೆ ಕಾಳು ಕೆಡುತ್ತದೆ ಎಂಬ ನಂಬಿಕೆ. ನೀರಿಗೂ ಅದೇ ನೇಮ ಎಂದು ಅವಳು ತಿಳಿದಳು. ಪೂಜೆ ಮಾಡಿದ ಮೇಲೆ ಇನ್ನೇನು ತಿಳಿಯಬೇಕಿತ್ತು?

ಮೂರನೆಯ ವಾರ ನಾನು ಹೋದಾಗ ಮಸಾರಿ ಕಾದು ಚಪ್ಪಲಿಯೊಳಗೆ ಕಾಲು ಸುಡುತ್ತಿತ್ತು. ಎಲೆಗಳು ದೊನ್ನೆಯಂತೆ ಮುದುಡಿದ್ದವು. ಕಾಗದ ಒತ್ತಿ ಹಿಡಿದು ಕೂತೆ. ನೀಲಿ. ಇನ್ನೊಂದು ಗಿಡ, ಅದೂ ನೀಲಿ. ಪ್ರಯೋಗದ ಸಾಲುಗಳ ಉದ್ದಕ್ಕೂ ನಡೆದೆ, ಎಲ್ಲಿಯೂ ಗುಲಾಬಿಯ ಸುಳಿವಿಲ್ಲ. ಈ ವಾರವೇ ನೀರು ಬಿಡಬೇಕು, ಇಲ್ಲದಿದ್ದರೆ ಗಿಡ ಮರಳುವುದಿಲ್ಲ ಎಂದು ವಾಪಸು ಬಂದವಳೇ ಸಾಹೇಬರಿಗೆ ಹೇಳಿದೆ. ಅವರು ಕಿಟಕಿಯಾಚೆ ನಮ್ಮ ಸಿರುಗುಪ್ಪದ ಗಿಡಗಳನ್ನು ತೋರಿಸಿದರು. ಅವು ಹಸಿರಾಗಿ ನಿಂತಿದ್ದವು.

“ನೋಡಮ್ಮ, ಇವು ಸತ್ತಿವೆಯಾ? ನೀನು ಮನಸ್ಸಿಗೆ ತುಂಬಾ ಹಚ್ಕೋತೀಯ. ಹೆಣ್ಣುಮಕ್ಕಳ ಕಷ್ಟವೇ ಇದು” ಎಂದರು.

ಮೈಯೆಲ್ಲ ಉರಿದುಹೋಯಿತು. ಮಣ್ಣು ಬೇರೆ ಸಾರ್ ಎಂದೆ. ಸರಾಸರಿ ಅಂತ ಒಂದಿರುತ್ತಲ್ಲ ಎಂದರು. ಹಾಗಾದರೆ ಒಮ್ಮೆ ಬಂದು ನೋಡಿ ಎಂದೆ. ಜೀಪು ಖಾಲಿಯಿಲ್ಲ ಎಂದರು. ಅದು ಅವರ ಮಗಳ ಮದುವೆಯ ಬಟ್ಟೆಬರೆಗಾಗಿ ಬಳ್ಳಾರಿಯ ಅಂಗಡಿಗಳ ಮುಂದೆ ನಿಂತಿರುವುದನ್ನು ನಾನೇ ಬಸ್ಸಿನಿಂದ ಕಂಡಿದ್ದೆ. ಹಾಗೆಂದು ಹೇಳಿಯೂಬಿಟ್ಟೆ. ಆ ಹೊತ್ತಿನಿಂದ ನನ್ನನ್ನು ಫಲಪ್ರದರ್ಶನದ ಫಲಕ ಬರೆಯುವ ಕೆಲಸಕ್ಕೆ ಹಾಕಿದರು, ಕುರುಗೋಡಿನ ಕಡೆ ಹೋಗಕೂಡದೆಂದರು.

ಕುರುಗೋಡು ಬಸ್ಸಿನ ಕಂಡಕ್ಟರ್ ಪರಿಚಯದವನು. ನೀರು ಬಿಡಲಿ ಎಂದು ಅವನ ಕೈಲಿ ಹೇಳಿ ಕಳಿಸಿದೆ. ಮುಚ್ಚಿದವರು ಬರಲಿ ಎಂದು ಉತ್ತರ ಬಂತು. ಮತ್ತೆ ಹೇಳಿಸಿದೆ, ಮತ್ತೆ ಅದೇ ಉತ್ತರ. ಭಾನುವಾರ ಯಾರಿಗೂ ತಿಳಿಸದೆ ನಾನೇ ಹೋದೆ. ಗಿಡದಲ್ಲಿದ್ದದ್ದಕ್ಕಿಂತ ನೆಲದ ಮೇಲೆ ಹೆಚ್ಚು ಎಲೆ ಇತ್ತು. ಆ ಹೆಂಗಸು ಕಾಲುವೆಯ ಬಾಯಿಯ ಹತ್ತಿರ ಕೂತಿದ್ದಳು. ವಿಭೂತಿ ಮಾಸಿರಲಿಲ್ಲ, ಅವಳೇ ದಿನಾ ಹೊಸದಾಗಿ ಹಚ್ಚುತ್ತಿದ್ದಳಂತೆ. ಅದನ್ನು ಕೇಳಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು.

“ಸಾಹೇಬ್ರು ಬರಂಗಿಲ್ಲ. ನೀವ ತೆಗೀರಿ” ಎಂದೆ.

“ಪೂಜಿ ಮಾಡಿ ಮುಚ್ಯಾರ್ರಿ. ನಾ ತೆಗದು ಗಿಡ ಸತ್ರ, ನೀ ಕೈ ಹಚ್ಚಿದ್ದಕ್ಕ ಸತ್ತವು ಅಂತಾರ ನಮ್ಮ ಮನ್ಯಾಗ. ಆಮ್ಯಾಲ ನನಗ ಬಾಯಿ ಐತೇನ್ರಿ?”

ನಾನು ಸಲಿಕೆ ಎತ್ತಿಕೊಂಡೆ. ಅವಳು ತಡೆಯಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು, “ನಾ ಒಳಗ ಹೊಂಟೀನ್ರಿ. ನಾ ಏನೂ ನೋಡಿಲ್ಲ” ಎಂದು ಮನೆಯ ಕಡೆ ನಡೆದಳು. ಮಣ್ಣು ಕಲ್ಲಾಗಿತ್ತು. ಒಡೆದು, ಎಂಜಿನ್ ಹಚ್ಚಿಸಿ, ಸೀರೆಯ ಅಂಚು ಕೆಸರಾಗುವಂತೆ ಪ್ರತಿ ಪಾತಿಗೂ ಸ್ವಲ್ಪ ಸ್ವಲ್ಪವೇ ನೀರು ಹಾಯಿಸಿದೆ. ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬಂದೆ. ಪ್ರಯೋಗಕ್ಕೆ ಭಂಗ ತಂದಿದ್ದಕ್ಕೆ ಆ ವಾರವೇ ಮೆಮೊ ಕೈಗೆ ಬಂತು.

ಆಮೇಲೆ ನಡೆದದ್ದೇ ನನ್ನನ್ನು ಇಂದಿಗೂ ಸುಡುವುದು. ಗಿಡಗಳು ಹೂ ಬಿಟ್ಟವು. ಬಿಟ್ಟದ್ದೆಂದರೆ ಹಾಗಲ್ಲ, ಟೊಂಗೆ ಕಾಣದಂತೆ ಬೆಳ್ಳಗೆ. ಕುರುಗೋಡಿನ ಬಸ್ ನಿಲ್ದಾಣದವರೆಗೂ ವಾಸನೆ ಎನ್ನುತ್ತಿದ್ದರು. ಗಿಡವನ್ನು ಓದಿದವರಿಗೆ ಇದರ ಅರ್ಥ ಗೊತ್ತಿರಬೇಕು. ಸಾವಿನ ಅಂಚಿಗೆ ಹೋದ ಗಿಡ ಉಳಿದ ಸತ್ವವನ್ನೆಲ್ಲ ಹೂವಿಗೆ ಸುರಿದುಬಿಡುತ್ತದೆ. ಆಗಲೇ ಹೂವನ್ನೆಲ್ಲ ತೆಗೆದುಹಾಕಿದರೆ ಗಿಡ ಬದುಕಬಹುದು, ಆ ವರ್ಷದ ಹಣ್ಣು ಹೋದರೂ ಮುಂದಿನ ವರ್ಷಕ್ಕೆ ಗಿಡವಿರುತ್ತದೆ. ಹೂ ಇಟ್ಟುಕೊಂಡರೆ ಎರಡೂ ಇಲ್ಲ.

ಸಾಹೇಬರಿಗೆ ಈಗ ಜೀಪು ಸಿಕ್ಕಿತು. ಫೋಟೋದವನನ್ನೂ, ನನ್ನನ್ನೂ ಕೂರಿಸಿಕೊಂಡು ಬಂದರು. ಹೂ ತೆಗೆಯಬೇಕು ಎಂದು ನಾನು ಎಲ್ಲರೆದುರಿಗೇ ಹೇಳಿದೆ. ಮೇಲಿನ ಅಧಿಕಾರಿಗಳು ಬಂದು ನೋಡುವವರೆಗೆ ಒಂದು ಹೂವನ್ನೂ ಮುಟ್ಟಬಾರದು ಎಂದು ಅವರು ಹೇಳಿದರು. ಆ ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡಿದಳು. ಅವಳ ಹಿಂದೆ ಮೈದುನರು ನಿಂತಿದ್ದರು, ಮೊದಲ ಸಲ ಅತ್ತಿಗೆಯ ತೋಟವನ್ನು ಬೆರಗಿನಿಂದ ನೋಡುತ್ತ.

“ಹೂ ಬಿಟ್ಟ ಗಿಡಾ ಬೋಳ್ಸಂತೀರಿ ನೀವು. ಹೆಂಗ್ ಮನಸು ಬರ್ತೈತ್ರಿ ನಿಮಗ?” ಎಂದಳು ನನಗೆ.

ನನ್ನ ಮೇಲೆ ಅವಳಿಗೆ ಬೇಸರ. ಅವಳ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಹೂವಿಗೆ ಕೈಮುಗಿಯುವ ಹೆಂಗಸು ಹೂವನ್ನು ನಂಬಿದಳು. ತಿಳಿದೂ ತಿಳಿದೂ ಅದರ ಪಕ್ಕ ನಗುತ್ತ ನಿಂತು ಫೋಟೋ ತೆಗೆಸಿಕೊಂಡವರಿಗೆ ಏನೆನ್ನಬೇಕು? ಅವರ ಪದವಿ ಪ್ರಮಾಣಪತ್ರಗಳನ್ನೆಲ್ಲ ತಂದು ಆ ಪಾತಿಯಲ್ಲೇ ಹೂಳಬೇಕು ಅನ್ನಿಸಿತು.

ಹೀಚು ಬಟಾಣಿಯಷ್ಟಾಗಿ ಉದುರಿತು. ಆಮೇಲೆ ಟೊಂಗೆಗಳು ತುದಿಯಿಂದ ಕಪ್ಪಾಗುತ್ತ ಬಂದವು. ಮಳೆ ಬಿದ್ದರೂ ಚಿಗುರಲಿಲ್ಲ. ದೀಪಾವಳಿಯ ಹೊತ್ತಿಗೆ ಮೈದುನರು ಕೊಡಲಿ ತಂದರು. ಬರೀ ಒಣಗಿದವನ್ನಲ್ಲ, ಪ್ರಯೋಗಕ್ಕೆ ಕೊಡದೆ ಉಳಿಸಿಕೊಂಡಿದ್ದ ಹಸಿರು ಗಿಡಗಳನ್ನೂ ಕಡಿದರು. ಅವಳು ಅಡ್ಡ ಬರಲಿಲ್ಲವಂತೆ. ಕಂಡಕ್ಟರ್ ಇದನ್ನು ಹೇಳುವಾಗ ನನ್ನ ಮುಖ ನೋಡದೆ ಚೀಟಿ ಹರಿಯುತ್ತಿದ್ದ. ಫೋಟೋ ಮಾತ್ರ ಬಳ್ಳಾರಿಯ ಪ್ರದರ್ಶನದಲ್ಲಿ ಆಳೆತ್ತರವಾಗಿ ನಿಂತಿತು, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಎರಡು ತಿಂಗಳು’. ಅದಕ್ಕೆ ಮೊದಲೇ ನಾನು ನೀರು ಬಿಟ್ಟ ಸುದ್ದಿ ಎಲ್ಲಿಯೂ ಇರಲಿಲ್ಲ.

ಮರುವರ್ಷ ಬಾದನಹಟ್ಟಿಯಲ್ಲಿ ಒಂದು ತೋಟ ಗೊತ್ತಾಯಿತು. ಅದೂ ಮಸಾರಿ. ಅದೇ ತೆಂಗಿನಕಾಯಿ, ಅದೇ ಊದುಬತ್ತಿ. ನನ್ನನ್ನು ಕರೆದೊಯ್ದದ್ದು ಆರತಿತಟ್ಟೆ ಹಿಡಿಯುವುದಕ್ಕೆ. ತೋಟದ ರೈತ ವಯಸ್ಸಾದವನು, ಫೋಟೋ ನೋಡಿ ಒಪ್ಪಿದ್ದ. ಸಾಹೇಬರು ಸಲಿಕೆಗೆ ಕೈ ಹಾಕುವಾಗ ನಾನು ತಟ್ಟೆಯನ್ನು ನೆಲಕ್ಕಿಟ್ಟೆ. ಕುರುಗೋಡಿನ ಆ ಗಿಡಗಳು ಈಗ ಒಂದೂ ಇಲ್ಲ ಎಂದು ಆತನಿಗೆ ಹೇಳಿದೆ. ಅವನ್ನು ಕಡಿದು ಒಲೆಗೆ ಹಾಕಿದ್ದನ್ನೂ ಹೇಳಿದೆ. ಬೇಕಿದ್ದರೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬನ್ನಿ ಎಂದೆ. ಇದಕ್ಕಾಗಿ ನನ್ನನ್ನು ದೂರದ ಊರಿಗೆ ವರ್ಗ ಮಾಡಿ ಎಸೆಯುತ್ತಾರೆಂದು ಗೊತ್ತಿತ್ತು, ಎಸೆದರು ಕೂಡ.

ರೈತ ಸಾಹೇಬರ ಕೈಯಿಂದ ಸಲಿಕೆಯನ್ನು ಮೆಲ್ಲಗೆ ಬಿಡಿಸಿಕೊಂಡ.

“ಗಿಡಾ ಸತ್ರ ನೀವು ಬರ್ತೀರೇನ್ರಿ ಸಾಹೇಬ್ರ?” ಎಂದು ಕೇಳಿದ.

ಸಾಹೇಬರು ನನ್ನತ್ತ ತಿರುಗಿ, ಜೀಪಿನಲ್ಲಿ ಹೋಗಿ ಕೂತ್ಕೋ ಎಂದರು. ನಾನು ಕೂರಲಿಲ್ಲ. ರೈತ ಸಲಿಕೆಯನ್ನು ವಾಪಸು ಕೊಡದೆ ಉತ್ತರಕ್ಕಾಗಿ ಕಾಯುತ್ತಲೇ ಇದ್ದ.