ಎಣಗಾಯಿಗೆ ಬಿದ್ದ ಹಿಡಿ ಬೆಲ್ಲ

ಕೊತ್ತಂಬರಿ ತಗೊಳ್ಳೋಕೆ ಆ ಕಡೆ ತಿರುಗಿದ್ದೇ ತಡ, ಕಾಕು ನನ್ನ ಎಣಗಾಯಿ ಪಾತ್ರೆಗೆ ಬೆಲ್ಲ ಸುರಿದರು.

ಒಂದು ಚೂರಲ್ಲ, ಹಿಡಿ ತುಂಬಾ.

ತೊಂಬತ್ತರ ದಶಕದ ಕೊನೆ ಅದು. ಪುಣೆಯ ಶಿವಾಜಿನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಮಾಲೀಕರ ಮಗನ ಮದುವೆ ಗೊತ್ತಾಗಿ, ತಿಂಗಳೊಳಗೆ ಖಾಲಿ ಮಾಡಿ ಎಂದುಬಿಟ್ಟರು.

ಬೇರೆ ಮನೆ ಸಿಗದಿದ್ದರೆ ನಾನು, ಎರಡು ವರ್ಷದ ಮಗಳು ವಿಜಾಪುರಕ್ಕೆ ನನ್ನ ತವರಿಗೆ; ನಮ್ಮ ಯಜಮಾನರು ಇಲ್ಲೇ ಗೆಳೆಯರ ರೂಮಿನಲ್ಲಿ. ಹಾಗಂತ ತೀರ್ಮಾನವೂ ಆಗಿತ್ತು. ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು.

ಆಗ ಇವರ ಆಫೀಸಿನವರೊಬ್ಬರು ಈ ಸೊಸೈಟಿಯ ಸುದ್ದಿ ಹೇಳಿದರು. ಎಂಟು ಮನೆ, ನಡುವೆ ಒಂದೇ ಅಂಗಳ, ಎಲ್ಲರಿಗೂ ಸೇರಿದ ಒಂದು ದೊಡ್ಡ ಅಡುಗೆಮನೆ. ಭಾನುವಾರ ಎಲ್ಲರೂ ಕೂಡಿ ಅಡುಗೆ ಮಾಡಿ ಒಟ್ಟಿಗೆ ಊಟ ಮಾಡುತ್ತಾರಂತೆ. ಅಲ್ಲೊಂದು ಮನೆ ಖಾಲಿ ಇತ್ತು.

ಬೋರ್ಡಿಲ್ಲ, ಬ್ರೋಕರ್ ಇಲ್ಲ. ಮನೆ ಬೇಕಾದವರು ನಾಲ್ಕು ಭಾನುವಾರ ಬಂದು ಅವರ ಜೊತೆ ಅಡುಗೆಗೆ ಕೈ ಹಚ್ಚಬೇಕು, ಕೂತು ಉಣ್ಣಬೇಕು. ಆಮೇಲೆ ಉಳಿದ ಏಳೂ ಮನೆಯವರು ಹೂಂ ಅನ್ನಬೇಕು. ಒಬ್ಬರು ಬೇಡ ಅಂದರೂ ಮುಗಿಯಿತು.

ನಮಗಿಂತ ಮೊದಲು ಮೂರು ಕುಟುಂಬ ಬಂದು ಹೋಗಿದ್ದವಂತೆ. ಯಾರಿಗೂ ಮನೆ ಸಿಕ್ಕಿರಲಿಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಇವರಿಗೆ ಗೊತ್ತಿಲ್ಲದ್ದಲ್ಲ. ಪ್ರತಿ ಭಾನುವಾರ ಬಸ್ಸಿನಲ್ಲಿ ಒಂದೇ ಮಾತು: "ನಾಕ ವಾರ ಬಾಯಿ ಮುಚ್ಕೊಂಡಿರು ಶೈಲಾ. ಆಮ್ಯಾಲ ಏನರ ಮಾಡು."

ಮೂರು ವಾರ ನಾನು ಬಂಗಾರದಂಥ ಸೊಸೆ. ಹೇಳಿದ್ದಕ್ಕೆಲ್ಲ ಹೌದ್ರಿ, ಆತ್ರಿ. ಅನ್ನ ಮುದ್ದೆಯಾಗಿದ್ದರೂ ಭಾಳ ಛಲೋ ಆಗ್ಯದರಿ. ನನಗೇ ನನ್ನ ಗುರುತು ಸಿಗುತ್ತಿರಲಿಲ್ಲ.

ನಾಲ್ಕನೇ ವಾರ ಈ ಬೆಲ್ಲ...

ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಅಲ್ಲಿನ ಹಿರಿಯರು, ರಿಟೈರ್ಡ್ ಟೀಚರ್. ಸೋಲಾಪುರದವರಾದ್ದರಿಂದ ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು. ಅವರ ಮಾತನ್ನು ಅಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

ನಾನು ಸೌಟು ಕೆಳಗಿಟ್ಟೆ.

"ಕಾಕು, ಇದು ಬದನಿಕಾಯಿ ಪಲ್ಯ ಅದರಿ, ಶಿರಾ ಅಲ್ಲ. ಬೆಲ್ಲ ಬೇಕಿದ್ರ ನನ್ನ ಕೇಳಬೇಕಿತ್ತು. ಬೆನ್ನ ಹಿಂದ ಹಾಕೋದು ನನಗ ಸೇರೂದಿಲ್ಲ."

"ಇಪ್ಪತ್ತು ವರ್ಷದಿಂದ ಹಿಂಗ ಹಾಕ್ತೀನಿ ನಾ," ಅಂದರು ಕಾಕು.

"ಹಂಗಾರ ಇಪ್ಪತ್ತು ವರ್ಷದಿಂದ ಪಲ್ಯ ಕೆಡಸೀರಿ."

ತಟ್ಟೆ ಹಿಡಿದು ನಿಂತಿದ್ದ ಇವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಬಾಯಿ ತಪ್ಪಿದ್ದು ನನಗೆ ಆಗ ತಿಳಿಯಿತು. ಹೊರಗೆ ನಲ್ಲಿ ಹತ್ತಿರ ಹೋಗಿ ಮನಸಾರೆ ಅತ್ತೆ. ಹಿಡಿ ಬೆಲ್ಲಕ್ಕೆ ಮನೆ ಕಳಕೊಂಡವಳು ಇಡೀ ಪುಣೆಯಲ್ಲಿ ನಾನೊಬ್ಬಳೇ ಇರಬೇಕು.

"ನಡಿ, ಹೋಗೂಣು," ಅಂದರು ಇವರು. ಬೈಯಲೂ ಇಲ್ಲ. ಮಗಳ ಚಪ್ಪಲಿ ಹುಡುಕತೊಡಗಿದರು.

ಆದರೆ ನನಗೆ ಹಸಿವು. ಹೇಗೂ ಮನೆ ಹೋಯಿತು, ಊಟ ಯಾಕೆ ಬಿಡಬೇಕು?

ಮುಖ ತೊಳೆದು ಒಳಗೆ ಹೋದೆ. ಖಾಲಿ ಇದ್ದದ್ದು ಕಾಕು ಪಕ್ಕದ ಜಾಗ ಮಾತ್ರ. ಕೂತೆ.

"ಖಾರ ಹಾಕಿ ಸರಿ ಮಾಡೀನಿ. ನೋಡು, ನಡೀತದೇನು," ಅಂದರು ಅವರು.

ರೊಟ್ಟಿ ಮುರಿದು ರುಚಿ ನೋಡಿದೆ. "ಇನ್ನೂ ಸಿಹೀನ ಅದರಿ. ಇರಲಿ, ನಡೀತದ."

ಕಾಕು ಜೋರಾಗಿ ನಕ್ಕರು. ನನಗೂ ತಡೆಯಲಾಗಲಿಲ್ಲ.

ಸಂಜೆ ಹೊರಟು ನಿಂತಾಗ ಅವರು ನನ್ನ ಕೈಯಲ್ಲಿ ಬೀಗದ ಕೈ ಇಟ್ಟರು. ಏಳೂ ಮನೆಯವರು ಹೂಂ ಅಂದಿದ್ದರು!

"ಮೊದಲಿದ್ದವರು ಎರಡು ವರ್ಷ ನಕ್ಕೋತನ ಇದ್ರು," ಅಂದರು ಕಾಕು. "ಒಂದಿನ ಸಾಮಾನು ಕಟ್ಕೊಂಡು ಹೋದ್ರು. ಯಾವುದಕ್ಕ ಬ್ಯಾಸರ ಆಗಿತ್ತೋ, ಇವತ್ತಿಗೂ ನಮಗ ಗೊತ್ತಿಲ್ಲ. ನೀ ಮುಖದ ಮ್ಯಾಲ ಅಂದಿ, ಅಂದು ಬಾಜೂಕ ಕೂತು ಉಂಡಿ. ಅಷ್ಟ ಸಾಕು ನಮಗ."

"ಬೇಕಂತ ಹಾಕಿದ್ರೇನ್ರಿ ಬೆಲ್ಲ?"

"ಛೆ ಛೆ, ಅದು ನನ್ನ ರೂಢಿ."

ಆಮೇಲೆ ಎಷ್ಟು ವರ್ಷ ಕೇಳಿದರೂ ಇದೇ ಉತ್ತರ. ಖಾರಕ್ಕೆ ಹೆಸರಾದ ಸೋಲಾಪುರದವರು ಹಿಡಿಗಟ್ಟಲೆ ಬೆಲ್ಲ ಯಾಕೆ ಹಾಕುತ್ತಾರೆ, ಆ ದಿನ ಬಿಟ್ಟು ಮತ್ತೆಂದೂ ಯಾಕೆ ಹಾಕಲಿಲ್ಲ... ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ ನೋಡಿ.

ಒಂಬತ್ತು ವರ್ಷದ ಮೇಲೆ ನಮ್ಮ ಪಕ್ಕದ ಮನೆ ಖಾಲಿಯಾಯಿತು. ನಾಗಪುರದ ಹೊಸ ಜೋಡಿಯೊಂದು ಬರತೊಡಗಿತು. ಆ ಹುಡುಗಿಗೆ ನಮ್ಮ ಅಂಗಳ ಎಷ್ಟು ಇಷ್ಟವಾಗಿತ್ತೆಂದರೆ, ಮೂರು ವಾರ ಎಲ್ಲದಕ್ಕೂ ನಗು, ಎಲ್ಲದಕ್ಕೂ ಹೌದು.

ನಾಲ್ಕನೇ ಭಾನುವಾರ. ಒಲೆ ಮೇಲೆ ಅವಳ ಬೇಳೆ ಕುದಿಯುತ್ತಿದೆ. ಕೊತ್ತಂಬರಿಗೆಂದು ಅವಳು ಆ ಕಡೆ ತಿರುಗುತ್ತಾಳೆ...

ಕಾಕು ಬೆಲ್ಲದ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸುತ್ತಾರೆ.

ನಾನು ಹಿಡಿ ತುಂಬಾ ತಗೊಂಡೆ. ಪಾಪ, ಆ ಹುಡುಗಿಗೆ ಮನೆ ಸಿಗಬೇಕಿತ್ತಲ್ಲ.